ರೋಮಿನ ಬೀದಿಯಲ್ಲಿ ಸಿದ್ದಾಪುರದ ಬಸ್ಸು

ಕಣ್ಣು ಕೈಕೊಟ್ಟವರ ಬದುಕಿನಲ್ಲಿ ನಗೆಪಾಟಲಿನ ಸಂಗತಿಗಳು ಆಗುತ್ತಲೇ ಇರುತ್ತವೆ. ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಮೊಣಕಾಲಿಗೆ ತಾಗುತ್ತವೆ.

ಅಜ್ಜನ ತೊಡೆ

ನನ್ನದು ಪೂರ್ತಿ ಕುರುಡಲ್ಲ. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ, ರವಿಕೆ ಹೊಲಿಯುತ್ತೇನೆ. ಸೂಜಿಗೆ ದಾರ ಪೋಣಿಸಲು ಈಗಲೂ ಯಾರ ಸಹಾಯವೂ ಬೇಡ. ಆದರೆ ಕಾಲಬುಡದಲ್ಲಿರುವ ಬಕೆಟ್ಟು ಕಾಣುವುದಿಲ್ಲ. ನೋಟದ ನಡುವೆ ಒಂದು ಬಳೆಯಷ್ಟು ಜಾಗ ಉಳಿದಿದೆ. ಅದರೊಳಗೆ ಬಂದದ್ದು ಸ್ಪಷ್ಟ, ಅದರ ಹೊರಗಿನದು ಇಲ್ಲವೇ ಇಲ್ಲ. ಹೊತ್ತು ಮುಳುಗಿತೆಂದರೆ ಆ ಬಳೆಯೂ ಮಸುಕು.

ಇದೊಂದು ಕಾಯಿಲೆ ಎಂದು ಗೊತ್ತಾಗುವ ಮೊದಲು, ನನಗೆ ಸೊಕ್ಕು ಬಂದಿದೆ ಎಂದು ನೆಂಟರಲ್ಲೆಲ್ಲ ಸುದ್ದಿಯಾಗಿತ್ತು. ಪಕ್ಕದಿಂದ ಬಂದು ನಕ್ಕವರಿಗೆ ನಾನು ನಗುತ್ತಿರಲಿಲ್ಲ. ಯಾರೋ ಕೈ ಮುಂದೆ ಮಾಡಿ ಕುಂಕುಮ ಕೊಟ್ಟರೆ ತೆಗೆದುಕೊಳ್ಳದೆ ಮುಂದೆ ಹೋಗುತ್ತಿದ್ದೆ. ಸಿದ್ದಾಪುರದ ಒಂದು ಮದುವೆಯಲ್ಲಿ ಸಾಲಾಗಿ ಕುರ್ಚಿ ಹಾಕಿದ್ದರು. ಖಾಲಿ ಎಂದುಕೊಂಡು ಒಂದರಲ್ಲಿ ಕೂತೆ. ಕೂತದ್ದು ಮದುಮಗನ ಅಜ್ಜನ ತೊಡೆಯ ಮೇಲೆ. ಎದ್ದು ನಿಂತು, "ತಪ್ಪಾತು, ಎಂಗೆ ಕಣ್ಣು ಸರಿ ಕಾಣ್ತಿಲ್ಲೆ" ಎಂದೆ.

ಅಜ್ಜ ಸಮಾಧಾನವಾಗಿಯೇ ಇದ್ದರು. "ಅಡ್ಡಿಲ್ಲೆ ತಂಗಿ. ಎಂಗೂ ಕಾಣ್ತಿಲ್ಲೆ. ಆನು ಕೂತದ್ದು ಕುರ್ಚಿ ಮೇಲೇ ಹೌದನೇ, ಒಂಚೂರು ನೋಡು" ಎಂದರು.

ಡಾಕ್ಟರ ಆರ್ಡರು

ಆ ಮದುವೆಯ ಮೇಲೆ ನಮ್ಮನೆಯವರು ನನ್ನನ್ನು ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಅಂಚಿನಿಂದ ಒಣಗುತ್ತಾ ಒಳಗೆ ಬರುವ ಕಾಯಿಲೆ, ಇದಕ್ಕೆ ಔಷಧಿ ಇಲ್ಲ, ಎಷ್ಟು ವರ್ಷ ಎಂದು ಹೇಳಲಿಕ್ಕೂ ಬರುವುದಿಲ್ಲ ಎಂದರು. ಕೊನೆಗೆ ಬಾಗಿಲ ತನಕ ಬಂದು, "ನೋಡಬೇಕು ಅನ್ನಿಸಿದ್ದನ್ನು ಮುಂದೆ ಹಾಕಬೇಡಿ ಅಮ್ಮ" ಎಂದರು.

ನಮ್ಮನೆಯವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಯಲ್ಲಾಪುರ, ಶಿರಸಿ, ಸಿದ್ದಾಪುರದ ನಡುವೆ ಆಯುಷ್ಯವೆಲ್ಲ ಓಡಾಡಿದವರು. ದೊಡ್ಡವರು ಹೇಳಿದ ಮಾತು ಎಂದರೆ ಅವರಿಗೆ ಡಿಪೋದಿಂದ ಬಂದ ಆರ್ಡರು ಇದ್ದ ಹಾಗೆ. ವಾಪಸು ಬರುವಾಗ ಬಸ್ಸು ಕಲಘಟಗಿ ದಾಟಿದ ಮೇಲೆ ಇವರು ನನ್ನ ಕಡೆ ತಿರುಗಿದರು.

"ಎಂತ ನೋಡವು?"

"ಎಂತದು?"

"ಡಾಕ್ಟ್ರು ಹೇಳಿದ್ರಲೇ. ಎಂತ ನೋಡವು ಹೇಳು."

ನನಗೆ ಅಳು ಒತ್ತಿಕೊಂಡು ಬರುತ್ತಿತ್ತು. ಇವರ ಬಾಯಿ ಮುಚ್ಚಿಸಿದರೆ ಸಾಕಿತ್ತು. "ರೋಮ್" ಎಂದುಬಿಟ್ಟೆ.

ಯಾಕೆ ರೋಮ್ ಎಂದರೆ, ಹೈಸ್ಕೂಲಿನಲ್ಲಿ ಇತಿಹಾಸದ ಪರೀಕ್ಷೆಗೆ 'ರೋಮ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳೇನು?' ಎಂಬ ಪ್ರಶ್ನೆ ತಪ್ಪದೇ ಬರುತ್ತಿತ್ತು. ಪುಸ್ತಕದಲ್ಲಿ ಒಂದು ದೊಡ್ಡ ಮುರುಕು ಕಟ್ಟಡದ ಚಿತ್ರವಿತ್ತು. ಆ ಚಿತ್ರ ನೋಡಿಕೊಂಡೇ ಕಾರಣಗಳನ್ನು ಬಾಯಿಪಾಠ ಮಾಡಿದ್ದೆ.

ಇವರು ಗಂಭೀರವಾಗಿ ಕೇಳಿದರು. "ಡೈರೆಕ್ಟ್ ಇದ್ದೋ, ಎಲ್ಲಾದ್ರೂ ಬದಲ್ಸವೋ?"

ಹೋಲ್ಡಾನ್

ಹುಬ್ಬಳ್ಳಿಯ ಟೂರಿನವರ ಜೊತೆ ಹೊರಟೆವು. ಹೆಚ್ಚಿನವರು ಹಾವೇರಿ, ರಾಣೆಬೆನ್ನೂರು ಕಡೆಯ ವ್ಯಾಪಾರಸ್ಥರು. ರೋಮಿನಲ್ಲಿ ನಮ್ಮನ್ನೆಲ್ಲ ಒಂದು ದೊಡ್ಡ ಬಸ್ಸಿಗೆ ತುಂಬಿದರು. ಟೂರ್ ಮ್ಯಾನೇಜರು ಮೈಕು ಹಿಡಿದು, "ಬಲಕ್ಕ ನೋಡ್ರಿ, ಎಡಕ್ಕ ನೋಡ್ರಿ" ಎನ್ನುತ್ತಿದ್ದರು. ಎಲ್ಲರ ತಲೆಯೂ ಒಟ್ಟಿಗೆ ತಿರುಗುತ್ತಿತ್ತು. ನನ್ನದೂ ತಿರುಗುತ್ತಿತ್ತು. ಆದರೆ ನನ್ನ ಬಳೆಯಷ್ಟು ನೋಟವನ್ನು ಕಿಟಕಿಗೆ ಒಯ್ದು, ಅವರು ಹೇಳಿದ್ದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಬಸ್ಸು ಮುಂದಿನ ಬೀದಿಯಲ್ಲಿರುತ್ತಿತ್ತು. ಮೊದಲ ದಿನ ರೋಮಿನಲ್ಲಿ ನಾನು ಕಣ್ತುಂಬ ನೋಡಿದ್ದು ಮುಂದಿನ ಸೀಟಿನವರ ಬೋಳುತಲೆಯನ್ನು. ಚಂದದ ತಲೆಯೇ. ಆದರೆ ಅದು ರಾಣೆಬೆನ್ನೂರಿನದು.

ರಾತ್ರಿ ಊಟದ ಹೊತ್ತಿಗೆ ಇವರು ಕೇಳಿದರು. "ಎಂತೆಲ್ಲ ಕಂಡತು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವರು ಅನ್ನ ಕಲಸುತ್ತಾ ಕೂತರು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಬಸ್ಸು. "ಎಡಕ್ಕ ನೋಡ್ರಿ, ಕೊಲೋಸಿಯಂ!" ಎಂದರು ಮ್ಯಾನೇಜರು. ನನ್ನ ಪಾಠಪುಸ್ತಕದ ಕಟ್ಟಡ! ಗಡಬಡಿಸಿ ತಿರುಗಿದೆ. ಒಂದು ದೀಪದ ಕಂಬ ಕಂಡಿತು.

"ಕಂಡತಾ?" ಎಂದು ಇವರು ಕೇಳಿದರು.

"ಹೋತು" ಎಂದೆ.

ಇವರು ಎದ್ದು ನಿಂತರು. ಹೊಟ್ಟೆಯ ಆಳದಿಂದ, "ಹೋಲ್ಡಾಆಆನ್!" ಎಂದು ಕೂಗಿದರು. ಆ ಡ್ರೈವರು ಇಟಲಿಯವನು, ಇವರ ಮುಖವನ್ನೇ ಸರಿಯಾಗಿ ನೋಡಿದವನಲ್ಲ. ಆದರೆ ಆ ದನಿ ಕೇಳಿದರೆ ಯಾವ ದೇಶದ ಡ್ರೈವರಿನ ಕಾಲೂ ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಬಸ್ಸು ನಿಂತಿತು.

"ಏನಾತ್ರೀ ಅಣ್ಣಾರ?" ಎಂದು ಮ್ಯಾನೇಜರು ಓಡಿಬಂದರು.

"ಇವಳಿಗೆ ಓಡುವಂಥದ್ದು ಕಾಣೂದಿಲ್ಲ. ನಿಂತದ್ದು ಮಾತ್ರ ಕಾಣ್ತದೆ. ನಾವು ಇಲ್ಲೇ ಇಳ್ದು, ನಡ್ಕೊಂಡೇ ನೋಡ್ತೇವೆ."

"ಪರದೇಶರೀ ಇದು! ಕಳಕೊಂಡ್ರ ನಾ ಏನ್ ಮಾಡ್ಲಿ?"

ಇವರು ಆಗಲೇ ನನ್ನ ಕೈ ಹಿಡಿದು ಮೆಟ್ಟಿಲಿಳಿಸುತ್ತಿದ್ದರು. ಪಾಪ, ಮ್ಯಾನೇಜರೂ ಹಿಂದೆಯೇ ಇಳಿದು ಬಂದು, ಹೋಟೆಲಿನ ವಿಳಾಸದ ಚೀಟಿ ಕೊಟ್ಟು, ಯಾವ ಕಡೆಯಿಂದ ರಸ್ತೆ ದಾಟಬೇಕು ಎಂದು ತೋರಿಸತೊಡಗಿದರು. ಇವರಿಗೆ ಇಳಿಯುವವರೆಲ್ಲ ಇಳಿದದ್ದಷ್ಟೇ ಗೊತ್ತು. ಅಭ್ಯಾಸಬಲ. ಬಸ್ಸಿನ ಮೈಗೆ ಎರಡು ಸಲ ಬಡಿದು, "ರೈಟ್, ರೈಟ್!" ಎಂದರು.

ಬಸ್ಸು ಹೋಯಿತು. ಮ್ಯಾನೇಜರು ಮೈಕು ಹಿಡಿದುಕೊಂಡು ನಮ್ಮ ಜೊತೆಗೇ ನಿಂತಿದ್ದರು.

ಪರೀಕ್ಷೆಗೆ ಬಾರದ ಪ್ರಶ್ನೆ

ಮ್ಯಾನೇಜರು ಟ್ಯಾಕ್ಸಿ ಹಿಡಿದು ತಮ್ಮ ಬಸ್ಸನ್ನು ಅಟ್ಟಿಸಿಕೊಂಡು ಹೋದ ಮೇಲೆ ನಾವು ಆ ಕಟ್ಟಡದ ಮುಂದೆ ಹೋಗಿ ನಿಂತೆವು.

ಅದು ನನ್ನ ಕಣ್ಣಿನೊಳಗೆ ಹಿಡಿಯುವಂಥದ್ದಾಗಿರಲಿಲ್ಲ. ಒಂದು ಸಲಕ್ಕೆ ಒಂದು ಕಮಾನು ಮಾತ್ರ ಒಳಗೆ ಬರುತ್ತಿತ್ತು. ಇವರು ಹಿಂದಿನಿಂದ ನನ್ನ ಎರಡೂ ಭುಜ ಹಿಡಿದು, ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿದರು. ಒಂದು ಕಮಾನು, ಅದರ ಪಕ್ಕದ್ದು, ಮತ್ತೆ ಅದರ ಪಕ್ಕದ್ದು. ಆಮೇಲೆ ಗಲ್ಲ ಎತ್ತಿ ಮೇಲಿನ ಸಾಲು. ತುಂಡು ತುಂಡು ಬಟ್ಟೆ ಜೋಡಿಸಿ ರವಿಕೆ ಮಾಡುವವಳು ನಾನು. ಕಂಡದ್ದನ್ನೆಲ್ಲ ತಲೆಯೊಳಗೆ ಒಂದಕ್ಕೊಂದು ಸೇರಿಸುತ್ತಾ ಹೋದೆ. ಪೂರ್ತಿ ಸುತ್ತು ಬರುವಷ್ಟರಲ್ಲಿ ನನ್ನ ಮುಖವೆಲ್ಲ ಒದ್ದೆಯಾಗಿತ್ತು.

"ಎಂತಕ್ಕೆ ಅಳದು?"

"ಇಷ್ಟು ದೊಡ್ಡದು ಹೇಳಿ ಗೊತ್ತಿತ್ತಿಲ್ಲೆ."

ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆವು. ಇವರು ಆ ಮುರಿದ ಗೋಡೆಯನ್ನು ಬಹಳ ಹೊತ್ತು ನೋಡಿ, "ಇದೆಲ್ಲ ಬಿದ್ದದ್ದು ಎಂತಕ್ಕಡ?" ಎಂದರು.

ನನಗೆ ಇನ್ನೂ ಬಾಯಿಪಾಠವಿತ್ತು. ಹೇಳಿದೆ. ದುರ್ಬಲ ಅರಸರು, ಹೊರಗಿನವರ ದಾಳಿ, ಸಿರಿವಂತರ ಭೋಗಜೀವನ, ಜನರ ಮೇಲೆ ತೆರಿಗೆಯ ಹೊರೆ.

"ಅದೆಲ್ಲ ಸರಿ. ಮತ್ತೆ ರಿಪೇರಿ ಎಂತಕ್ಕೆ ಮಾಡ್ಸಿದ್ವಿಲ್ಲೆ?"

"ಅದು ಪರೀಕ್ಷೆಗೆ ಬತ್ತಿತ್ತಿಲ್ಲೆ" ಎಂದೆ.

ಕಲ್ಲಿನ ಸೆರಗು

ಅಲ್ಲಿಂದ ಮುಂದೆ ನಮ್ಮದು ಕಾಲ್ನಡಿಗೆಯೇ. ರೋಮಿನ ಹಳೆಯ ಬೀದಿಗಳಿಗೆ ಅಂಗೈಯಗಲದ ಕರಿಕಲ್ಲು ಹಾಸಿದ್ದಾರೆ. ಇವರು ನನ್ನ ಮೊಣಕೈ ಹಿಡಿದು, "ಮೆಟ್ಲು ಇದ್ದು... ತಗ್ಗು ಬಂತು... ಕಂಬ, ಕಂಬ" ಎಂದು ಹೇಳುತ್ತಾ ಬರುತ್ತಿದ್ದರು. ನದಿಗೆ ಅಡ್ಡವಾಗಿ ಒಂದು ಹಳೆಯ ಸೇತುವೆ. ಅದರ ಎರಡೂ ಬದಿಗೆ ರೆಕ್ಕೆಯಿರುವ ಕಲ್ಲಿನ ಮೂರ್ತಿಗಳು. ದೂರದ್ದಕ್ಕಿಂತ ಹತ್ತಿರದ್ದನ್ನು ಕೆದಕಿ ನೋಡುವುದು ನನ್ನ ಕಸುಬಿನ ಚಟ. ಇವರು ಬೀದಿ ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿಯಲು ನಿಂತಾಗ, ಸೇತುವೆಯ ಅಡ್ಡಗೋಡೆಯ ಬುಡದಲ್ಲಿ ತಗ್ಗಿಗೆ ನಿಂತಿದ್ದ ಒಂದು ಬೂದು ಬಣ್ಣದ ಮೂರ್ತಿಯ ಹತ್ತಿರ ಹೋದೆ. ಉದ್ದನೆಯ ನಿಲುವಂಗಿ, ತಲೆಯ ಮೇಲೊಂದು ಮುಸುಕು.

ನಿಲುವಂಗಿಯ ನೆರಿಗೆ ಎಷ್ಟು ಚಂದ ಕೆತ್ತಿದ್ದಾರೆ! ಬಾಗಿ ಕೆಳಗಿನ ಅಂಚು ನೋಡಿದೆ. ಅಂಚಿನ ಹೊಲಿಗೆಯನ್ನೂ ಬಿಡದೆ ಕೆತ್ತಿದ್ದರು. ಅಷ್ಟೇ ಅಲ್ಲ, ಒಂದು ಕಡೆ ಹೊಲಿಗೆ ಬಿಚ್ಚಿ ಜೋತು ಬಿದ್ದದ್ದನ್ನೂ ಕೆತ್ತಿದ್ದರು. ಆಶ್ಚರ್ಯವಾಗಿ ಮುಟ್ಟಿದೆ. ಬಟ್ಟೆ.

"ಪ್ಲೀಸ್" ಎಂದಿತು ಮೂರ್ತಿ, ತುಟಿ ಅಲ್ಲಾಡಿಸದೆ.

ನಾನು ಕಿರುಚಿದ್ದು ಕೇಳಿ ಇವರು ಬಾಟಲಿ ಬಿಟ್ಟು ಓಡಿಬಂದರು. ಅವನು ಮೈಗೆಲ್ಲ ಬಣ್ಣ ಬಳಿದುಕೊಂಡು, ಅಲುಗದೆ ನಿಂತು ಹೊಟ್ಟೆ ಹೊರೆಯುವ ಮನುಷ್ಯ. ಬಿಚ್ಚಿದ ಅಂಚು ಅವನ ಕಾಲ ಕೆಳಗೇ ಬಿದ್ದಿತ್ತು. ಸಣ್ಣ ಪೀಠದ ಮೇಲೆ ನಿಂತಿದ್ದ. ಕೆಳಗೆ ಇಳಿಯುವಾಗ ಸಿಕ್ಕಿಕೊಂಡರೆ ಮುಖ ಒಡೆಯುವುದು ಖಂಡಿತ. ಸುತ್ತ ಜನ ಇದ್ದುದರಿಂದ ಅವನಿಗೆ ಬಾಗುವ ಹಾಗೂ ಇರಲಿಲ್ಲ.

ನನ್ನ ಪರ್ಸಿನಲ್ಲಿ ಸೂಜಿದಾರ ಯಾವತ್ತೂ ಇರುತ್ತದೆ. ಸೇತುವೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಅಂಚು ಹೊಲಿಯಲು ಶುರುಮಾಡಿದೆ. ಸೀರೆ ಉಟ್ಟ ಹೆಂಗಸೊಬ್ಬಳು ಕಲ್ಲಿನ ಮೂರ್ತಿಗೆ ಬಟ್ಟೆ ಹೊಲಿಯುತ್ತಿದ್ದರೆ ಜನ ಸೇರದೇ ಇರುತ್ತಾರೆಯೇ? ಮುತ್ತಿಕೊಂಡರು. ನನಗೆ ಬೆಳಕು ಅಡ್ಡವಾಯಿತು. ಇವರು ಎರಡೂ ಕೈ ಅಗಲಿಸಿ ನಿಂತು, "ಹಿಂದೆ ಸರೀರಿ, ಹಿಂದೆ ಜಾಗ ಇದೆ, ಬಾಗಿಲ ಹತ್ರ ನಿಲ್ಬೇಡಿ" ಎಂದು ಕನ್ನಡದಲ್ಲಿ ಗದರಿದರು. ಎಲ್ಲರೂ ಹಿಂದೆ ಸರಿದರು.

ದಾರ ಕಡಿದು ಎದ್ದಾಗ ಚಪ್ಪಾಳೆ ಬಿತ್ತು. ಇದೂ ಆಟದ ಒಂದು ಭಾಗ ಎಂದುಕೊಂಡ ಒಬ್ಬಳು ಬಿಳಿಯ ಮುದುಕಿ ನನ್ನ ಕೈಯಲ್ಲೂ ನಾಣ್ಯ ಇಟ್ಟಳು. ನಾಚಿಕೆಯಿಂದ ವಾಪಸು ಕೊಡಲು ಹೋದೆ.

ಇವರು ಕಿವಿಯ ಹತ್ತಿರ ಬಂದು ಹೇಳಿದರು. "ಇಟ್ಗ, ಇಟ್ಗ. ಚಿಲ್ರೆ ಬೇಕಾಗ್ತು."

ಒಂದು ಗೇಣು

ಮಧ್ಯಾಹ್ನಕ್ಕೆ ಹಸಿವಾಯಿತು. ಒಂದು ಸಣ್ಣ ಅಂಗಡಿಯಲ್ಲಿ ಉದ್ದುದ್ದ ತಟ್ಟೆಗಳಲ್ಲಿ ಪಿಜ್ಜಾ ಇಟ್ಟಿದ್ದರು. ನಾವು ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವವರಲ್ಲ. ಇವರು ಒಂದೊಂದೇ ತಟ್ಟೆ ತೋರಿಸಿ "ನೋ ಮೀಟ್? ನೋ ಫಿಶ್?" ಎಂದು ವಿಚಾರಣೆ ನಡೆಸಿದರು. ಅಂಗಡಿಯವನು ಕೊನೆಗೆ ಒಂದು ತಟ್ಟೆ ಮುಟ್ಟಿ, "ಪಟಾಟೆ" ಎಂದ.

"ಎಂತದು?"

"ಪಟಾಟೆ, ಪಟಾಟೆ."

ಇವರ ಮುಖ ಅರಳಿತು. "ಬಟಾಟೆ! ಬಟಾಟೆ ಅಂತೇ ಹೇಳ್ತ! ನಮ್ಮ ಕಡೆಯವ್ವೇಯ!" ಬೆಂಗಳೂರಿಗೆ ಹೋದಾಗಲೆಲ್ಲ ಆಲೂಗಡ್ಡೆಗೆ 'ಬಟಾಟೆ' ಎಂದು ಕೇಳಿ ನಗೆಗೀಡಾದವರು ಇವರು. ರೋಮಿನವರು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು.

ಅವನು ದೊಡ್ಡ ಕತ್ತರಿ ತೆಗೆದು, ಎಷ್ಟು ಎಂಬಂತೆ ನಮ್ಮನ್ನು ನೋಡಿದ. ಕತ್ತರಿ ಕಂಡದ್ದೇ ನನಗೆ ನನ್ನ ಅಂಗಡಿಯ ನೆನಪಾಗಿ ನಗು ಬಂತು. ಇವರು ಕೈ ಬಿಡಿಸಿ ಒಂದು ಗೇಣು ತೋರಿಸಿದರು. ಅವನು ಅನುಮಾನದಿಂದ ಇನ್ನೊಮ್ಮೆ ಕೇಳಿದ. ಇವರು ಇನ್ನೊಮ್ಮೆ ತೋರಿಸಿದರು. ಉದ್ದ ಒಂದು ಗೇಣು ಸರಿ, ಅಗಲ ತಟ್ಟೆಯಷ್ಟೂ ಬರುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ರವಿಕೆ ಕಣದಷ್ಟು ಪಿಜ್ಜಾ ಕತ್ತರಿಸಿ, ತೂಗಿ, ಕಾಗದದಲ್ಲಿ ಕೊಟ್ಟ.

ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಹರಡಿಕೊಂಡೆವು. ಬಿಸಿ ಬಟಾಟೆ, ಉಪ್ಪು, ಎಣ್ಣೆ, ಯಾವುದೋ ಘಮಘಮ ಎಲೆ. ಬಹಳ ರುಚಿಯಾಗಿತ್ತು. ತಿಂದೆ, ತಿಂದೆ, ಬಳೆಯೊಳಗೆ ಬರೀ ಬಟಾಟೆಯೇ ಕಾಣುತ್ತಿತ್ತು.

"ಇದರ ಅಂಚು ಎಲ್ಲಿದ್ದು? ಎಂಗೆ ಕಾಣ್ತಿಲ್ಲೆ" ಎಂದೆ.

ಇವರು ಬಾಯ್ತುಂಬ ತುಂಬಿಕೊಂಡೇ ಹೇಳಿದರು. "ಎಂಗೂ ಕಾಣ್ತಿಲ್ಲೆ."

ಸಿದ್ದಾಪುರ, ಸಿದ್ದಾಪುರ

ಆ ಊರಿನಲ್ಲಿ ಒಂದು ದೊಡ್ಡ ಕಾರಂಜಿ ಇದೆ. ಮನೆಗಳ ನಡುವಿನ ಸಣ್ಣ ಚೌಕದಲ್ಲಿ, ಇಡೀ ಗೋಡೆಯೇ ನೀರು ಸುರಿಸುತ್ತಿರುವ ಹಾಗೆ. ನಾವು ಹೋದಾಗ ಹೊತ್ತು ಇಳಿದಿತ್ತು. ಬೇಗ ನೋಡಿ ಹೊರಡುವ ವಿಚಾರವಿತ್ತು. ಸಿಕ್ಕಾಪಟ್ಟೆ ಜನ. ಯಾರೋ ಗಂಡಹೆಂಡತಿ ತಮ್ಮದೊಂದು ಫೋಟೋ ತೆಗೆಯಿರಿ ಎಂದು ಇವರನ್ನು ಕೇಳಿದರು. ಇವರು ನನ್ನ ಮೊಣಕೈ ಬಿಟ್ಟರು.

ಅಷ್ಟೇ. ಒಂದು ಗುಂಪು ನುಗ್ಗಿ ಬಂತು. ನಾನು ಎರಡು ಹೆಜ್ಜೆ ಆಚೆ ಸರಿದೆನೋ, ಹತ್ತು ಹೆಜ್ಜೆಯೋ, ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಬಳೆಯೊಳಗೆ ಯಾರದೋ ಜಾಕೀಟು, ಯಾರದೋ ಗಡ್ಡ, ಒಂದು ದೀಪ. ಆಮೇಲೆ ಅದೂ ಮಸುಕಾಯಿತು. ಫೋನು ಇವರ ಚೀಲದಲ್ಲಿತ್ತು. ಕೂಗಿದೆ. ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಕೈಗೆ ಸಿಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹೀಗೇ ಆಗುವುದು ಒಂದು ದಿನ, ಎಂದು ಅನ್ನಿಸಿತು. ಮನೆಯಲ್ಲೇ ಇರುತ್ತೇನೆ, ಹಗಲೇ ಇರುತ್ತದೆ, ಆದರೂ ಹೀಗೇ ಇರುತ್ತದೆ. ಅಲ್ಲಿಯ ತನಕ ಡಾಕ್ಟರ ಮಾತನ್ನು ನಾನು ಕೇಳಿದ್ದೆ ಅಷ್ಟೇ. ಅದು ಅರ್ಥವಾದದ್ದು ಆ ಗೋಡೆಯ ಹತ್ತಿರ.

ಆಗ ನೀರಿನ ಸದ್ದು, ಜನರ ಸದ್ದು ಎಲ್ಲವನ್ನೂ ಸೀಳಿಕೊಂಡು ಒಂದು ದನಿ ಬಂತು.

"ಯಲ್ಲಾಪುರ, ಸಿರ್ಸಿ, ಸಿದ್ದಾಪುರ! ಯಾರ್ರೀ ಸಿರ್ಸಿ, ಸಿದ್ದಾಪುರ! ಸಿದ್ದಾಪುರ, ಸಿದ್ದಾಪುರ, ಸಿದ್ದಾಪುರ!"

ನನ್ನ ಹೆಸರು ಹಿಡಿದು ಕೂಗಿ ಕೂಗಿ ಸೋತ ಮೇಲೆ ಈ ಕೂಗು ತಾನಾಗಿ ಬಂತು ಎಂದು ಇವರು ಆಮೇಲೆ ಹೇಳಿದರು. ಎಷ್ಟು ಬಸ್‌ಸ್ಟ್ಯಾಂಡುಗಳ ಗದ್ದಲವನ್ನು ಗೆದ್ದ ದನಿ ಅದು. ನಾನು ಗೋಡೆ ಬಿಟ್ಟು, ಕೈ ಮುಂದೆ ಮಾಡಿಕೊಂಡು, ಆ ದನಿಯ ಕಡೆಗೆ ನಡೆದೆ. ಜನ ದಾರಿ ಬಿಟ್ಟರು. ಕೊನೆಗೆ ಇವರ ಅಂಗಿ ಕೈಗೆ ಸಿಕ್ಕಿತು.

"ಸೀಟ್ ಇದ್ದಾ?" ಎಂದೆ ಹೇಗೋ.

"ಎಲ್ಲಿ ಹೋಗಿದ್ದೆ ಮಾರಾಯ್ತಿ" ಎಂದು ಇವರು ಅಲ್ಲೇ, ಅಷ್ಟು ಜನರ ನಡುವೆ, ಅತ್ತುಬಿಟ್ಟರು. ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಇವರ ಭುಜ ತಟ್ಟಿದರು. ನಮ್ಮ ಟೂರಿನ ಬಸ್ಸೂ ಅದೇ ಹೊತ್ತಿಗೆ ಕಾರಂಜಿ ನೋಡಲು ಬಂದಿತ್ತಂತೆ. ತಿರುಗಿದರೆ ರಾಣೆಬೆನ್ನೂರಿನ ಬೋಳುತಲೆ, ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

"ಅಣ್ಣಾರ," ಎಂದರು ಅವರು, ನಗದೆ, "ರಾಣೆಬೆನ್ನೂರಿಗೆ ಸ್ಟಾಪ್ ಐತೇನ್ರೀ?"

ಬೀಗದ ಕಿಂಡಿ

ಕೊನೆಯ ದಿನ ಬೆಳಿಗ್ಗೆ ಒಂದು ಗುಡ್ಡ ಹತ್ತಿದೆವು. ಗುಡ್ಡದ ಮೇಲೆ ಒಂದು ಮುಚ್ಚಿದ ಹಸಿರು ಬಾಗಿಲಿದೆ, ಅದರ ಬೀಗದ ಕಿಂಡಿಯಲ್ಲಿ ಇಣುಕಲು ಜನ ಸಾಲು ನಿಲ್ಲುತ್ತಾರೆ ಎಂದು ಹೋಟೆಲಿನ ಹೆಂಗಸು ಹೇಳಿದ್ದಳು. ದಾರಿಯುದ್ದಕ್ಕೂ ಇವರದ್ದು ಒಂದೇ ಗೊಣಗಾಟ. "ಈ ಊರಿನ ರಸ್ತೆ ಒಂದು ಬದಿಗೆ ವಾಲಿದ್ದು. ಹೀಂಗೆ ರಸ್ತೆ ಮಾಡ್ತ್ವ? ಎನ್ನ ಸೊಂಟ ಹೋತು." ರಸ್ತೆ ನನಗೆ ಸರಿಯಾಗಿಯೇ ಇತ್ತು. ಆದರೆ ರಸ್ತೆಯ ವಿಚಾರದಲ್ಲಿ ಇವರ ಹತ್ತಿರ ವಾದ ಮಾಡಬಾರದು.

ಸಾಲು ಉದ್ದವಿತ್ತು. ಒಬ್ಬೊಬ್ಬರೇ ಬಾಗಿ, ಒಂದು ಕಣ್ಣು ಮುಚ್ಚಿ, ಕಿಂಡಿಯಲ್ಲಿ ನೋಡಿ "ಆಹಾ" ಎನ್ನುತ್ತಿದ್ದರು. ನನ್ನ ಸರದಿ ಬಂತು. ಎರಡೂ ಬದಿಗೆ ಕತ್ತರಿಸಿದ ಗಿಡಗಳ ಹಸಿರು ದಾರಿ, ಅದರ ತುದಿಗೆ, ಬಹಳ ದೂರದಲ್ಲಿ, ಸರಿಯಾಗಿ ನಡುವೆ, ಇಗರ್ಜಿಯ ದೊಡ್ಡ ಗುಮ್ಮಟ. ಸುತ್ತ ಕಪ್ಪು. ನನಗೆ ಹೊಸದೇನೂ ಅನ್ನಿಸಲಿಲ್ಲ. ಇದನ್ನು ನೋಡಲು ಇವರೆಲ್ಲ ಸಾಲು ನಿಂತಿದ್ದಾರೆ, ನನಗೆ ಬೆಳಗಾದರೆ ಸಾಲಿಲ್ಲದೆ ಸಿಗುತ್ತದೆ!

"ನಿಂಗನೂ ನೋಡಿ" ಎಂದು ಇವರಿಗೆ ಜಾಗ ಬಿಟ್ಟೆ. "ಎಂಗೆ ಕಾಣ್ತದು ಹೀಂಗೇಯ."

ಇವರು ಬಾಗಿದರು. ಬಾಗಿದವರು ಏಳಲೇ ಇಲ್ಲ. ಹಿಂದಿನವರು ಕೆಮ್ಮಿದರು, ಏನೋ ಅಂದರು. ಕೊನೆಗೆ ನಾನೇ ಅಂಗಿ ಹಿಡಿದು ಎಬ್ಬಿಸಿದೆ. ಇವರ ಮುಖ ಕಪ್ಪಿಟ್ಟಿತ್ತು.

"ಇಷ್ಟೇಯಾ?"

"ಇಷ್ಟೇಯ. ಈಗ ಇದಕ್ಕಿಂತ ಒಂಚೂರು ಹೆಚ್ಚಿಗೆ ಇಕ್ಕು."

ಬಾಗಿಲ ಮುಂದಿನ ಬಯಲಿನಲ್ಲಿ ಸ್ವಲ್ಪ ದೂರ ನಡೆದೆವು. ಇವರು ನಿಂತರು. "ಹಾಂಗಾರೆ ನಿಂಗೆ ಎನ್ನ ಮುಖ ಪೂರ್ತಿ ಕಾಣ್ತಿಲ್ಯ?"

"ಹತ್ರ ಇದ್ರೆ ಮೂಗು ಕಾಣ್ತು. ದೂರ ಹೋದ್ರೆ ಪೂರ್ತಿ ಕಾಣ್ತು."

ಇವರು ನನ್ನನ್ನು ಒಂದು ಕಂಬದ ಹತ್ತಿರ ನಿಲ್ಲಿಸಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಹೋದರು. "ಈಗ?"

"ಎದೆ ತನಕ."

"ಈಗ?"

"ಸೊಂಟದ ತನಕ. ಇನ್ನೂ ಹೋಗಿ."

ಬಯಲಿನ ಆಚೆ ತುದಿಯ ಗೋಡೆಗೆ ಬೆನ್ನು ತಾಗುವ ತನಕ ಹೋದರು. ಗುರುತಿನ ಚೀಟಿಯ ಫೋಟೋಕ್ಕೆ ನಿಲ್ಲುವ ಹಾಗೆ, ಕೈ ಎರಡೂ ಕೆಳಗಿಟ್ಟು ನೆಟ್ಟಗೆ ನಿಂತರು. "ಈಗ?"

"ಈಗ ಪೂರ್ತಿ!"

ಎಷ್ಟೋ ವರ್ಷವಾಗಿತ್ತು ಇವರನ್ನು ಇಡಿಯಾಗಿ ನೋಡದೆ. ಹತ್ತಿರವೇ ಇದ್ದರಲ್ಲ, ಹಾಗಾಗಿ ಕಂಡಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಟಿಕೆಟಿನ ಚೀಲ ಹೊತ್ತು ಹೊತ್ತು ಬಲಗಡೆಯ ಭುಜ ಇಳಿದಿತ್ತು. ಅಂಗಿ ದೊಗಳೆಯಾಗಿತ್ತು, ಮೈ ಇಳಿದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮುಖದಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ, ನಿಧಾನಕ್ಕೆ ಕಣ್ಣು ಇಳಿಸುತ್ತಾ ಬಂದೆ. ಮರೆಯಬಾರದು ಎಂದು ಒಂದೊಂದನ್ನೂ ನೋಡುತ್ತಾ ಪಾದದ ತನಕ ಬಂದೆ.

ಪಾದದ ಹತ್ತಿರ ನಿಂತೆ.

"ಹ್ಯಾಂಗೆ ಕಾಣ್ತಿ?" ಎಂದು ಆಚೆಯಿಂದ ಕೂಗಿದರು. ದನಿ ಒದ್ದೆಯಾಗಿತ್ತು. ಕಿಂಡಿಯ ಸಾಲಿನವರೆಲ್ಲ ಈಗ ನಮ್ಮನ್ನೇ ನೋಡುತ್ತಿದ್ದರು.

"ಚೊಲೋ ಕಾಣ್ತಿ! ಎಡಗಾಲಿಗೆ ಕರಿ ಬೂಟು, ಬಲಗಾಲಿಗೆ ಕಂದು ಬೂಟು! ಕರಿ ಬೂಟಿನ ಅಟ್ಟೆ ದಪ್ಪ ಇದ್ದು!"

ಇವರು ತಲೆ ಬಗ್ಗಿಸಿದರು. ಒಂದು ಕಾಲು ಎತ್ತಿ ನೋಡಿದರು. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿ ನೋಡಿದರು. ಆಮೇಲೆ ತಲೆಯೆತ್ತಿ, ಆ ಬಯಲನ್ನು, ಆ ರಸ್ತೆಯನ್ನು, ಗುಡ್ಡದ ಕೆಳಗೆ ಹರಡಿದ್ದ ಊರನ್ನು ಒಮ್ಮೆ ಸುತ್ತ ನೋಡಿ, ದೊಡ್ಡ ತಪ್ಪು ತಿಳುವಳಿಕೆಯೊಂದು ಬಗೆಹರಿದವರ ಹಾಗೆ ಕೂಗಿದರು.

"ಹಾಂಗಾರೆ ರೋಡು ಸಮ ಇದ್ದಲೇ!"